ಬೆಳಗಿನ ಹೊತ್ತನ್ನು ಯಾರಿಗೂ ಕೊಡಬೇಡ

ಮಗಳೇ,

ಚಿತ್ರ ಬಿಡಿಸಿಕೊಂಡೇ ಬದುಕುತ್ತೇನೆ ಅಂತ ನೀನು ಮನೆಯಲ್ಲಿ ಹೇಳಿದ ಮೇಲೆ ನಿನ್ನ ಅಪ್ಪ ಬಂದು, "ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ" ಅಂದರು. ಬುದ್ಧಿ ಹೇಳುವುದು ಅಂದರೆ ಉಜಿರೆಯಲ್ಲಿ ಬಿ.ಕಾಂ.ಗೆ ಸೇರು ಅಂತ ಹೇಳುವುದು ಎಂದು ಅವರ ಮನಸ್ಸಿನಲ್ಲಿತ್ತು. ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಧೈರ್ಯವಾಗಿ ಹೋಗು ಎಂದು ಬೆನ್ನು ತಟ್ಟಿ ಕಳಿಸಿ ಸುಮ್ಮನೆ ಕೂರಲೂ ಮನಸ್ಸಿಲ್ಲ. ಚಾರ್ಮಾಡಿ ಘಾಟಿ ಇಳಿದು ಬರುವ ಬಸ್ಸು ನಿಲ್ಲುವ ಈ ಕಕ್ಕಿಂಜೆಯಲ್ಲಿ ಕೂತು, ಬಣ್ಣ ಕಲಸುತ್ತಲೇ ಮುದುಕನಾದವನು ನಾನು. ಈ ಕೆಲಸದ ಒಳಗಿನ ಲೆಕ್ಕ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಎಲ್ಲರೂ ಮೊದಲು ದುಡ್ಡಿನ ಪ್ರಶ್ನೆ ಕೇಳುತ್ತಾರೆ. ನಾನು ಹೊತ್ತಿನ ಮಾತಿನಿಂದ ಶುರು ಮಾಡುತ್ತೇನೆ. ಪೂರ್ತಿ ಚಿತ್ರಕಾರನಾಗಿ ಬದುಕುವವನು ಅಂದರೆ ಚಿತ್ರ ಮಾರಿದ ದುಡ್ಡಿನಲ್ಲೇ ಅಕ್ಕಿ, ಸಾಮಾನು ತರುವವನು ಅಂತ ಜನ ತಿಳಿದಿದ್ದಾರೆ. ನಮ್ಮ ನಾಡಿನಲ್ಲಿ ಹಾಗೆ ಬದುಕಿದವರು ತೀರ ಕಡಿಮೆ. ದೊಡ್ಡ ಹೆಸರು ಮಾಡಿದವರೂ ಪಾಠ ಹೇಳಿದ್ದಾರೆ, ಪತ್ರಿಕೆಗಳಿಗೆ ಚಿತ್ರ ಬಿಡಿಸಿದ್ದಾರೆ, ಕ್ಯಾಲೆಂಡರು, ಪೋಸ್ಟರು ಮಾಡಿದ್ದಾರೆ. ಅವರು ಬಿಟ್ಟುಕೊಡದೆ ಇಟ್ಟುಕೊಂಡದ್ದು ದಿನದ ಒಂದು ಹೊತ್ತನ್ನು. ಆ ಹೊತ್ತು ಚಿತ್ರಕ್ಕೆ ಮಾತ್ರ. ಹಬ್ಬ, ಮದುವೆ, ಗಿರಾಕಿ, ಯಾವುದಕ್ಕೂ ಅದರ ಮೇಲೆ ಅಧಿಕಾರವಿಲ್ಲ. ನನ್ನ ಹೊತ್ತು ಬೆಳಗಿನದು. ಬೆಳಕು ಹರಿದಲ್ಲಿಂದ ಹತ್ತು ಗಂಟೆಯ ತನಕ ನಾನು ಯಾರಿಗೂ ಸಿಗುವುದಿಲ್ಲ. ಊರಿನವರಿಗೆ ಅದು ಈಗ ಅಭ್ಯಾಸವಾಗಿದೆ. ನಿನಗೂ ಒಂದು ಹೊತ್ತು ಬೇಕು, ಅದನ್ನು ಮೊದಲು ಗಟ್ಟಿಮಾಡು. ಮನಸ್ಸು ಬಂದಾಗ ಬಿಡಿಸುತ್ತೇನೆ ಅನ್ನುವವರ ಕೈ ಎರಡು ವರ್ಷದಲ್ಲಿ ನಿಂತುಹೋಗುತ್ತದೆ. ನಿನ್ನ ಅಮ್ಮನನ್ನೇ ನೋಡು. ಬೀಡಿ ಕಟ್ಟಲು ಸೂಪು ಹಿಡಿದು ಕೂತರೆ ಮನಸ್ಸು ಬಂತೋ ಇಲ್ಲವೋ ಎಂದು ಅವರು ನೋಡಿದ್ದುಂಟೇ? ಕೂತರು, ಕೈ ಓಡಿತು, ದಿನದ ಲೆಕ್ಕ ಮುಗಿಯಿತು. ಚಿತ್ರಕ್ಕೂ ಹಾಗೆಯೇ ಕೂರಬೇಕು. ಒಳ್ಳೆಯ ಚಿತ್ರ ಯಾವ ದಿನ ಬರುತ್ತದೆ ಅಂತ ಯಾರಿಗೂ ತಿಳಿಯದು. ಬಂದ ದಿನ ನೀನು ಕಾಗದದ ಮುಂದೆ ಇರಬೇಕು, ಅಷ್ಟೆ.

ನಮ್ಮ ಕಡೆಯವರೇ ಆದ ಕೆ.ಕೆ. ಹೆಬ್ಬಾರರ ಬದುಕನ್ನು ನೋಡು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಆಗ ಅದೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ. ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಕೆಲವು ವರ್ಷ ಅಲ್ಲಿಯೇ ಪಾಠವನ್ನೂ ಹೇಳಿದರು. ಶಾಲೆಯಲ್ಲಿ ಕಲಿತ ಕಸುಬಿನಲ್ಲಿ ಅವರಿಗೆ ಊಟಕ್ಕೇನೂ ಕೊರತೆ ಆಗುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬಿಡಿಸುವ ಕೈ ಅವರದಾಗಿತ್ತು. ಆದರೆ ಅಮೃತಾ ಶೇರ್‌ಗಿಲ್ ಚಿತ್ರಗಳನ್ನು ಕಂಡ ಮೇಲೆ ಆ ಕೈಯನ್ನೇ ಬದಲಿಸಲು ಹೊರಟರು. ಹಳ್ಳಿಯ ಜನ, ಕೋಳಿ ಅಂಕ, ಜಾತ್ರೆ, ಕೆಲಸ ಮಾಡುವ ಹೆಂಗಸರು ಅವರ ಕ್ಯಾನ್ವಾಸಿಗೆ ಬಂದರು. ಆಮೇಲೆ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ರೇಖೆಗೆ ಲಯ ಬರಬೇಕು ಎಂದು ಅವರು ಗುರುವಿನ ಹತ್ತಿರ ಕಥಕ್ ನೃತ್ಯ ಕಲಿತರು. ವೇದಿಕೆ ಹತ್ತಬೇಕು ಅಂತ ಅಲ್ಲ, ಕುಣಿಯುವವರ ಮೈಯ ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಹೋಗುತ್ತದೆ ಅಂತ ತನ್ನ ಮೈಯಲ್ಲೇ ತಿಳಿಯಲು. ಅವರ ನೃತ್ಯದ ರೇಖಾಚಿತ್ರಗಳಲ್ಲಿ ಲೇಖನಿಯನ್ನು ಹೆಚ್ಚುಕಡಿಮೆ ಎತ್ತದೆ ಎಳೆದ ಒಂದೇ ಗೆರೆ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಇಳಿಯುವುದನ್ನು ನೀನು ನೋಡಬೇಕು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು, 1996ರಲ್ಲಿ ತೀರಿಕೊಂಡರು. ಪ್ರಶಸ್ತಿಗಳನ್ನು ನೀನು ನೆನಪಿಟ್ಟುಕೊಳ್ಳದಿದ್ದರೂ ಅಡ್ಡಿಯಿಲ್ಲ. ಹೆಸರು ಬಂದ ಮೇಲೂ ಹೊಸತನ್ನು ಕಲಿಯಲು ಕೂತ ಆ ಮನುಷ್ಯನನ್ನು ನೆನಪಿಟ್ಟುಕೋ. ಮಣಿಪಾಲದಲ್ಲಿಯೂ ಬೆಂಗಳೂರಿನಲ್ಲಿಯೂ ಅವರ ಹೆಸರಿನ ಗ್ಯಾಲರಿಗಳಿವೆ. ಮಣಿಪಾಲ ನಮಗೆ ಒಂದು ದಿನದ ದಾರಿ. ಹೋಗಿ ಬಾ.

ಇನ್ನು ದುಡ್ಡಿನ ಮಾತು. 1966ರಲ್ಲಿ ಮದ್ರಾಸಿನ ಹೊರಗೆ ಕಡಲ ಪಕ್ಕ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಜೊತೆ ಸೇರಿ ಹಲವು ತರುಣ ಕಲಾವಿದರು ಚೋಳಮಂಡಲ ಅನ್ನುವ ಒಂದು ಊರನ್ನೇ ಕಟ್ಟಿದರು. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಅವರಲ್ಲಿ ಒಬ್ಬರು. ಆ ಹುಡುಗರ ಚಿತ್ರಗಳನ್ನು ಆಗ ಕೊಳ್ಳುವವರೇ ಇರಲಿಲ್ಲ. ಅವರು ಬಟ್ಟೆಯ ಮೇಲೆ ಬಾಟಿಕ್ ಮಾಡಿದರು, ಇತರ ಕರಕುಶಲ ಸಾಮಾನುಗಳನ್ನು ಮಾಡಿ ಮಾರಿದರು. ಆ ದುಡ್ಡಿನಲ್ಲಿ ಜಾಗ ತೆಗೆದುಕೊಂಡು ಮನೆ ಕಟ್ಟಿದರು, ಉಳಿದ ಹೊತ್ತಿನಲ್ಲಿ ತಮ್ಮ ಚಿತ್ರ ಬರೆದರು. ಬಾಟಿಕ್ ಮಾಡಿದ್ದರಿಂದ ಅವರು ಕಡಿಮೆ ಚಿತ್ರಕಾರರಾಗಲಿಲ್ಲ. ಹೊಟ್ಟೆಪಾಡಿನ ಕೆಲಸವನ್ನು ಹೊಟ್ಟೆಪಾಡಿನ ಜಾಗದಲ್ಲಿಯೇ ಇಟ್ಟರು, ಅದರಿಂದಾಗಿ ತಮ್ಮ ಚಿತ್ರವನ್ನು ಕೊಳ್ಳುವವರ ರುಚಿಗೆ ತಕ್ಕಂತೆ ಬದಲಿಸುವ ಗತಿ ಅವರಿಗೆ ಬರಲಿಲ್ಲ.

ನನ್ನ ಬಾಟಿಕ್ ಅಂದರೆ ಅಂಗಡಿಗಳ ಬೋರ್ಡು. ಉಜಿರೆ, ಮುಂಡಾಜೆ, ಬೆಳ್ತಂಗಡಿ ಪೇಟೆಗಳಲ್ಲಿ ತಗಡಿಗೆ ಎನಾಮಲ್ ಬಳಿದು ಅಕ್ಷರ ಬರೆದೆ. ಬಸ್ಸಿನ ಹಣೆಗೆ ಹೆಸರು, ಶಾಲೆಯ ಗೋಡೆಗೆ ಭೂಪಟ, ನಾಟಕಕ್ಕೆ ಪರದೆ, ತೀರಿಹೋದ ಹಿರಿಯರ ಭಾವಚಿತ್ರ, ಎಲ್ಲ ಮಾಡಿದೆ. ಎಲ್ಲವೂ ಮಧ್ಯಾಹ್ನದ ಮೇಲಿನ ಕೆಲಸ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೆಚ್ಚುಕಡಿಮೆ ನಿಂತಿತು. ಆ ಕಾಲದಲ್ಲಿ ಕುಂಚ ಬಿಟ್ಟು ಗಲ್ಫಿಗೆ ಹೋದ ಗೆಳೆಯರಿದ್ದಾರೆ, ಅವರ ಕೈಯ ಅಕ್ಷರದ ಅಂದ ನೆನೆದರೆ ಈಗಲೂ ಸಂಕಟವಾಗುತ್ತದೆ. ನಾನು ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಇಳಿದೆ, ಸರಕಾರದ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ತಯಾರು ಮಾಡಿದೆ. ಬೋರ್ಡಿನ ಕೆಲಸ ನನಗೆ ಕಲಿಸಿದ್ದೂ ಸಣ್ಣದಲ್ಲ. ಕೈ ನಡುಗದೆ ಒಂದೇ ಉಸಿರಿಗೆ ಗೆರೆ ಎಳೆಯುವುದು, ದೂರದಿಂದ ಯಾವುದು ಕಾಣುತ್ತದೆ ಅಂತ ತಿಳಿಯುವುದು, ಒಪ್ಪಿದ ದಿನಕ್ಕೆ ಕೆಲಸ ಮುಗಿಸಿ ಕೊಡುವುದು, ಎಲ್ಲ ಅಲ್ಲಿಯೇ ಬಂತು. ನಿನ್ನ ಕಾಲಕ್ಕೆ ಬೇರೆ ಕೆಲಸಗಳಿವೆ: ಪುಸ್ತಕಕ್ಕೆ ಚಿತ್ರ, ಮಕ್ಕಳ ಪಠ್ಯ, ವಿನ್ಯಾಸ, ಗೋಡೆಚಿತ್ರ. ಯಾವುದು ಸಿಕ್ಕಿದರೂ ಮಾಡು, ನಾಚಿಕೊಳ್ಳಬೇಡ. ಬೆಳಗಿನ ಹೊತ್ತಿಗೆ ಮಾತ್ರ ಅದನ್ನು ತರಬೇಡ.

ದುಡ್ಡಿನ ವಿಷಯದಲ್ಲಿ ಸಂಕೋಚಪಟ್ಟರೆ ಕೆಟ್ಟೆ. ಕೆಲಸ ಒಪ್ಪಿಕೊಳ್ಳುವಾಗ ಅರ್ಧ ಮುಂಗಡ ತೆಗೆದುಕೋ. ಅಳತೆ, ದಿನ, ದರ ಎಲ್ಲ ಕಾಗದದ ಮೇಲಿರಲಿ. ಕೆ. ವೆಂಕಟಪ್ಪನವರಂಥ ದೊಡ್ಡವರೇ ಇದರಲ್ಲಿ ನೊಂದಿದ್ದಾರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು, ಊಟಿಯ ಮಂಜನ್ನೂ ಕೆರೆಯನ್ನೂ ಜಲವರ್ಣದಲ್ಲಿ ಹಿಡಿದವರು, ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು ಅವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಂದ ಅರಮನೆಗೆ ಗಾರೆಯ ಉಬ್ಬುಚಿತ್ರಗಳನ್ನು ಮಾಡಿಸುತ್ತಿದ್ದರು. 1940ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಆ ಕೆಲಸ ನಿಂತುಹೋಯಿತು, ವಿವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅರಮನೆಯ ನೆರಳಿನಲ್ಲಿದ್ದವರಿಗೇ ಹೀಗಾದರೆ ನಮ್ಮ ಪಾಡೇನು?

ಕಾನೂನಿನ ಒಂದು ಮಾತನ್ನೂ ತಿಳಿದುಕೊಂಡಿರು. ನೀನಾಗಿ ಬರೆದ ಚಿತ್ರವನ್ನು ಮಾರಿದರೆ ಕೊಂಡವರಿಗೆ ಹೋಗುವುದು ಆ ಕಾಗದ, ಆ ಕ್ಯಾನ್ವಾಸು. ಅದನ್ನು ಅಚ್ಚು ಹಾಕಿಸುವ, ಕ್ಯಾಲೆಂಡರು ಮಾಡಿಸುವ ಹಕ್ಕು ನಿನ್ನಲ್ಲಿಯೇ ಉಳಿಯುತ್ತದೆ; 1957ರ ಕೃತಿಸ್ವಾಮ್ಯ ಕಾಯಿದೆ ಹಾಗೆ ಹೇಳುತ್ತದೆ. ಅದು ನಿನ್ನ ಜೀವಮಾನದುದ್ದಕ್ಕೂ ಇದ್ದು, ಆಮೇಲೆ 60 ವರ್ಷ ನಿನ್ನ ವಾರಸುದಾರರದು. ಆದರೆ ಯಾರಾದರೂ ಬಂದು ದುಡ್ಡು ಕೊಟ್ಟು "ಇಂಥ ಚಿತ್ರ ಬರೆದುಕೊಡಿ" ಅಂತ ಮಾಡಿಸಿಕೊಂಡರೆ ಮಾತು ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ಮಾಡಿಸಿಕೊಂಡವರಿಗೇ ಸೇರುತ್ತದೆ. ಹಾಗಾಗಿ ಹಕ್ಕು ನಿನಗೆ ಬೇಕು ಅಂತಾದರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಒಂದು ಸಾಲು ಬರೆಸಿಕೋ. ಒಂದು ಲಾಡ್ಜಿನವರು ನನ್ನಿಂದ ಬರೆಸಿಕೊಂಡ ಚಾರ್ಮಾಡಿಯ ಚಿತ್ರವನ್ನು ತಮ್ಮ ಬಿಲ್ಲು, ಚೀಲ, ಡೈರಿಗಳಲ್ಲೆಲ್ಲ ಅಚ್ಚು ಹಾಕಿಸಿಕೊಂಡರು. ಕೇಳಲು ಹೋದಾಗ ಕಾನೂನು ಅವರ ಕಡೆಗೇ ಇತ್ತು. ಇನ್ನು ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದ ತನಕ ಇಟ್ಟುಕೊಳ್ಳುವುದುಂಟು. ಜಾಗ, ದೀಪ, ಕರೆಯೋಲೆ, ಗಿರಾಕಿ ಎಲ್ಲ ಅವರೇ ತರುವುದಾದರೆ ಅದು ಅನ್ಯಾಯವಲ್ಲ. ನಿನ್ನಿಂದಲೇ ಬಾಡಿಗೆ ತೆಗೆದುಕೊಂಡು ಕಮಿಷನ್ನೂ ಕೇಳುವವರ ಹತ್ತಿರ ಮಾತ್ರ ಹೋಗಬೇಡ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ಮಾಡುತ್ತಾರಲ್ಲ, ಅಲ್ಲಿ ಒಂದು ದಿನ ನಿಂತರೆ ಜನ ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ, ಯಾವುದಕ್ಕೆ ಬೆಲೆ ಕೇಳಿ ಮುಂದೆ ಹೋಗುತ್ತಾರೆ ಅಂತ ಕಣ್ಣಾರೆ ಕಾಣುತ್ತದೆ. ನೋಡು, ತಿಳಿದುಕೋ. ಬಂದ ಮೇಲೆ ಅದಕ್ಕೆ ತಕ್ಕಂತೆ ಬರೆಯಲು ಶುರು ಮಾಡಬೇಡ.

ಈಗ ನನಗೆ ಇಷ್ಟದ ವಿಷಯಕ್ಕೆ ಬರುತ್ತೇನೆ. ನೀನು ತೋರಿಸಿದ ಚಿತ್ರಗಳಲ್ಲಿ ಒಂದು ಅಡಿಕೆ ತೋಟ ಇತ್ತು. ಕೈ ಚೆನ್ನಾಗಿದೆ, ಮರಗಳ ಸಾಲಿನ ದೂರ ಹತ್ತಿರ ಸರಿ ಬಂದಿದೆ. ಆದರೆ ಹಸಿರು ಮಾತ್ರ ಟ್ಯೂಬಿನಿಂದ ನೇರ ಇಳಿದ ಹಸಿರು. ನಮ್ಮ ತೋಟದಲ್ಲಿ ಆ ಹಸಿರು ಎಲ್ಲಿದೆ ಹೇಳು? ಆಷಾಢದಲ್ಲಿ ಬೆಳಿಗ್ಗೆ ಮಳೆ ಬಿಟ್ಟ ಗಳಿಗೆಯಲ್ಲಿ ತೋಟದ ಅಂಚಿನಲ್ಲಿ ನಿಂತು ನೋಡು. ಮೇಲೆ ಸೋಗೆಯ ಹಸಿರಿನಲ್ಲಿ ಹಳದಿ ಇದೆ, ಬೆಳಕು ಅದರೊಳಗಿಂದ ಬರುತ್ತದೆ. ಕೆಳಗೆ ಕಾಳುಮೆಣಸಿನ ಬಳ್ಳಿಯ ಎಲೆ ಹೊಳೆಯುವುದರಿಂದ ಅದರ ಮೇಲ್ಮೈ ಹಸಿರೇ ಅಲ್ಲ, ಆಕಾಶದ ಬೂದಿ. ಮರದ ಬುಡದ ನೆರಳು ಕಪ್ಪಲ್ಲ, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಅದು ಸಿಗುತ್ತದೆ. ಕಾಂಡದ ಮೇಲೆ ಒಂದು ವಿಚಿತ್ರ ತಿಳಿ ನೀಲಿ ಹರಿದಿರುತ್ತದೆ, ನೀನು ಅದನ್ನು ಬಿಟ್ಟೇಬಿಟ್ಟಿದ್ದೀಯ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಅದು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಗೊನೆಗೆ ಹೊಡೆದದ್ದು ಕಾಂಡದ ಉದ್ದಕ್ಕೂ ಇಳಿದು ಉಂಗುರ ಉಂಗುರವಾಗಿ ನಿಲ್ಲುತ್ತದೆ. ಪಾಚಿಯ ಹಸಿರಿನ ಪಕ್ಕದಲ್ಲಿ ಆ ನೀಲಿಯನ್ನು ಇಟ್ಟೆಯಾದರೆ ಈ ಊರಿನವರು ಯಾರು ನೋಡಿದರೂ ಇದು ಜುಲೈ ತಿಂಗಳ ತೋಟ ಅಂತ ಹೇಳುತ್ತಾರೆ. ಕೇರಳದ ಕ್ಯಾಲೆಂಡರಿನ ತೋಟ ಬೇರೆ, ನಮ್ಮದು ಬೇರೆ ಅಂತ ತೋರಿಸುವುದು ಇಂಥದ್ದೇ. ಪ್ರಶಿಯನ್ ನೀಲಿ, ಗ್ಯಾಂಬೋಜ್ ಹಳದಿ, ಬರ್ಂಟ್ ಸಿಯೆನ್ನಾ, ಈ ಮೂರರಲ್ಲಿಯೇ ಒಂದು ತಿಂಗಳು ಹಸಿರು ಕಲಸು. ಟ್ಯೂಬಿನ ಹಸಿರನ್ನು ಡಬ್ಬಿಯಲ್ಲಿಡು.

ಫೋನಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ಕೂತು ಬಿಡಿಸುವುದನ್ನೂ ಈಗಲೇ ಕಡಿಮೆ ಮಾಡು. ಫೋನು ನೆರಳನ್ನೆಲ್ಲ ಕಪ್ಪು ಮಾಡುತ್ತದೆ, ಆಕಾಶವನ್ನು ತನಗೆ ಬೇಕಾದ ನೀಲಿಗೆ ತಿರುಗಿಸುತ್ತದೆ. ಗಡಾಯಿಕಲ್ಲನ್ನು ಎದುರಿಗೆ ಇಟ್ಟುಕೊಂಡು ಕೂರು. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಕರೆದ ಆ ಒಂಟಿ ಕಲ್ಲಿನ ಗುಡ್ಡ ಬೆಳಿಗ್ಗೆ ಮಂಜಿನಲ್ಲಿ ತೂಕವಿಲ್ಲದ ಹಾಗೆ ಕಾಣುತ್ತದೆ. ಮಧ್ಯಾಹ್ನ ಅದರ ಮೇಲಿನ ನೀರಿನ ಜಾಡುಗಳು ಒಂದೊಂದೂ ಎಣಿಸುವ ಹಾಗೆ ಇರುತ್ತವೆ, ಸಂಜೆಗೆ ಒಂದು ಬದಿ ಕೆಂಪಾಗುತ್ತದೆ. ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು ಮಾಡಿದ್ದು ಇದನ್ನೇ. ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೆ ನಡೆಸಿದವರು, ವಿಧಾನ ಪರಿಷತ್ತಿನಲ್ಲಿ ಕೂತವರು. ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಸಾರ್ವಜನಿಕ ಜೀವನ ಬಿಟ್ಟು ಬಣ್ಣದ ಪೆಟ್ಟಿಗೆ ಹಿಡಿದು ರಸ್ತೆ ಬದಿಯಲ್ಲಿ, ಕಬ್ಬನ್ ಪಾರ್ಕಿನಲ್ಲಿ ನಿಂತು ಹೂ ಬಿಟ್ಟ ಮರಗಳನ್ನು ಬರೆದರು. ಮೇ ತಿಂಗಳ ಗುಲ್‌ಮೊಹರನ್ನು ಮೇ ತಿಂಗಳಲ್ಲಿ, ಮರದ ಎದುರಿಗೇ ನಿಂತು. 1988ರಲ್ಲಿ ಅವರು ಹೋದ ಮೇಲೆ ಬೆಂಗಳೂರಿನ ಎಷ್ಟು ಮರಗಳು ಹೋದವು! ಅವರ ಚಿತ್ರದಲ್ಲಿ ಮಾತ್ರ ಅವು ಉಳಿದಿವೆ. ನಮ್ಮಲ್ಲೂ ಹೋಗುತ್ತಿವೆ. ಹೆದ್ದಾರಿ ಅಗಲವಾಗುತ್ತಿದೆ, ತೋಟದ ಜಾಗಕ್ಕೆ ರಬ್ಬರ್ ಬಂದಿದೆ. ಹಾಗೆಂದು ರಬ್ಬರನ್ನು ಕಣ್ಣಿನಿಂದ ದೂರ ಮಾಡಬೇಡ, ಎಲೆ ಉದುರುವ ಮೊದಲು ಆ ತೋಟ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಯಾರೂ ಇನ್ನೂ ಸರಿಯಾಗಿ ಬರೆದಿಲ್ಲ.

ಗುರುಗಳು ದೂರದಲ್ಲಿಯೇ ಇದ್ದಾರೆ ಅಂತ ತಿಳಿಯಬೇಡ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಕೂತು ತಲೆ ಎತ್ತಿ ನೋಡು. ಇಟಲಿಯ ಬೆರ್ಗಾಮೊ ಕಡೆಯ ಆಂಟೊನಿಯೊ ಮೊಸ್ಕೇನಿ ಎನ್ನುವ ಜೆಸ್ವಿಟ್ ಸಹೋದರರು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಂದು ಆ ಗೋಡೆ, ಛಾವಣಿಗಳನ್ನು ತುಂಬಿಸಿದರು. ಕೆಲವು ಭಾಗ ಕ್ಯಾನ್ವಾಸಿನ ಮೇಲೆ ತೈಲವರ್ಣ, ಹೆಚ್ಚಿನ ಭಾಗ ಹಸಿ ಗಾರೆಯ ಮೇಲೆ ಬರೆದದ್ದು. ಹಸಿ ಗಾರೆಯ ಕೆಲಸದಲ್ಲಿ ಬಣ್ಣಕ್ಕೆ ಅಂಟು ಹಾಕುವುದಿಲ್ಲ. ಸುಣ್ಣ ಒಣಗುತ್ತಾ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಇವತ್ತು ಮೆತ್ತಿದ ಗಾರೆಯ ಮೇಲಿನ ಚಿತ್ರ ಇವತ್ತೇ ಮುಗಿಯಬೇಕು, ನಾಳೆ ತಿದ್ದುತ್ತೇನೆ ಅನ್ನುವ ಮಾತಿಲ್ಲ. ಮಂಗಳೂರಿನ ಸೆಕೆಯಲ್ಲಿ, ಅಟ್ಟಣಿಗೆಯ ಮೇಲೆ ನಿಂತು, ದಿನಕ್ಕೆ ಇಷ್ಟು ಅಂತ ಅಳೆದು ಮಾಡಿದ ಕೆಲಸ ಅದು. ಮುಗಿಸಿ ಕೇರಳದ ಕಡೆಗೆ ಹೋದವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಮೂಡುಬಿದಿರೆಗೆ ಹೋದಾಗ ಸಾವಿರ ಕಂಬದ ಬಸದಿ ನೋಡಿ ಬಸ್ಸು ಹತ್ತಬೇಡ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಇವೆ. ಪೆನ್ಸಿಲಿನಲ್ಲಿ ಅವುಗಳನ್ನು ಬಿಡಿಸಲು ಹೊರಟರೆ ಒಂದು ತೋಳು ಹೇಗೆ ಸೊಂಡಿಲಾಯಿತು, ಒಂದು ಬಾಗಿದ ಬೆನ್ನು ಹೇಗೆ ಹೊಟ್ಟೆಯಾಯಿತು ಅಂತ ಕೈಗೆ ತಿಳಿಯುತ್ತದೆ. ಅಲ್ಲಿಯ ಜೈನರ ಧವಲ ಗ್ರಂಥಗಳ ತಾಳೆಗರಿಗಳಲ್ಲಿ ಹೊಯ್ಸಳರ ಕಾಲದ ವರ್ಣಚಿತ್ರಗಳಿವೆ. ಅಂಗೈಯಗಲದ ಗರಿಯಲ್ಲಿ ದೇವರು, ಭಕ್ತರು, ಮರ ಎಲ್ಲ ಇದ್ದೂ ಇಕ್ಕಟ್ಟು ಅನ್ನಿಸುವುದಿಲ್ಲ. ದೊಡ್ಡ ಕ್ಯಾನ್ವಾಸು ಇಲ್ಲ ಅಂತ ನೀನು ಕೊರಗಿದ್ದೆಯಲ್ಲ, ಅದಕ್ಕೆ ಇದನ್ನು ಹೇಳಿದೆ. ಅದೇ ಊರಿನ ಆಳ್ವಾಸ್ ಸಂಸ್ಥೆಯ ವರ್ಣವಿರಾಸತ್ ಶಿಬಿರಕ್ಕೆ ದೇಶದ ಬೇರೆ ಬೇರೆ ಕಡೆಯ ಚಿತ್ರಕಾರರು ಬಂದು ಎಲ್ಲರೆದುರು ಬರೆಯುತ್ತಾರೆ. ಮುಗಿದ ಚಿತ್ರಕ್ಕಿಂತ ಅರ್ಧ ಆದ ಚಿತ್ರ ನೋಡುವುದರಲ್ಲಿ ಲಾಭ ಜಾಸ್ತಿ. ಅವರ ಹಿಂದೆ ನಿಂತು ಮೊದಲ ಬಣ್ಣ ಎಲ್ಲಿ ಇಟ್ಟರು, ಯಾವಾಗ ಕೈ ಕಟ್ಟಿ ದೂರ ಹೋಗಿ ನಿಂತರು ಅಂತ ಗಮನಿಸು.

ನಾಗಮಂಡಲದಲ್ಲಿ ವೈದ್ಯ ಮನೆತನದವರು ಮಂಡಲ ಬರೆಯುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಐದೇ ಬಣ್ಣ: ಬಿಳಿ, ಅರಸಿನದ ಹಳದಿ, ಅರಸಿನಕ್ಕೆ ಸುಣ್ಣ ಸೇರಿಸಿ ಬಂದ ಕೆಂಪು, ಸೊಪ್ಪಿನ ಪುಡಿಯ ಹಸಿರು, ಉಮಿ ಸುಟ್ಟ ಕಪ್ಪು. ಬೆರಳ ಸಂದಿಯಿಂದ ಪುಡಿ ಬಿಡುತ್ತಾ ಹಾವಿನ ಸುತ್ತುಗಳನ್ನು ಹೆಣೆಯುತ್ತಾರೆ, ಬೆಳಗಾಗುವಾಗ ಅದು ಉಳಿಯುವುದಿಲ್ಲ. ಭೂತಕೋಲಕ್ಕೆ ಮುಖವರ್ಣಿಕೆ ಮಾಡುವವರು ಅರದಾಳ ಅರೆದು ಹಳದಿ ಹಚ್ಚುತ್ತಾರೆ. ಪೆಟ್ರೋಮ್ಯಾಕ್ಸಿನ, ದೀವಟಿಗೆಯ ಬೆಳಕಿಗೆ ಆ ಹಳದಿ ಹೇಗೆ ಉರಿಯುತ್ತದೆ ಅಂತ ನಿನಗೆ ಗೊತ್ತು. ಇವರೆಲ್ಲ ಆಯುಷ್ಯವಿಡೀ ಬಣ್ಣದ ಕೆಲಸ ಮಾಡಿದವರು, ತಮ್ಮನ್ನು ಕಲಾವಿದರು ಅಂತ ಹೇಳಿಕೊಂಡವರಲ್ಲ. ಅವರ ಹತ್ತಿರ ಹೋಗುವಾಗ ಕೈ ಮುಗಿದು ಹೋಗು. ಅರದಾಳದ ಮಾತು ಬಂದಾಗ ಇನ್ನೊಂದು ಹೇಳಬೇಕು, ಅದರಲ್ಲಿ ಪಾಷಾಣ ಇದೆ. ಟ್ಯೂಬಿನ ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣಗಳೂ ಹೊಟ್ಟೆಗೆ ಒಳ್ಳೆಯದಲ್ಲ. ಬ್ರಷ್ಷಿನ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ನಿನ್ನ ಅಭ್ಯಾಸವನ್ನು ಇವತ್ತೇ ಬಿಡು.

ನಮ್ಮ ಊರಿನ ಮಳೆ ಚಿತ್ರಕಾರನಿಗೆ ಕೊಡುವುದೂ ಬಹಳ, ಹಾಳುಮಾಡುವುದೂ ಬಹಳ. ಒಳ್ಳೆಯ ಜಲವರ್ಣದ ಕಾಗದಕ್ಕೆ ಮೇಲೆ ಒಂದು ಅಂಟಿನ ಲೇಪ ಇರುತ್ತದೆ, ಬಣ್ಣ ಕೂಡಲೇ ಒಳಗಿಳಿಯದ ಹಾಗೆ ತಡೆಯುವುದು ಅದೇ. ಜೂನ್ ತಿಂಗಳ ತೇವಕ್ಕೆ ಬೂಷ್ಟು ಬಂದು ಆ ಲೇಪವನ್ನು ತಿಂದರೆ, ಹೊರಗಿನಿಂದ ಕಾಗದ ಹೊಸತರ ಹಾಗೆಯೇ ಇರುತ್ತದೆ. ಬಣ್ಣ ಇಟ್ಟ ಕೂಡಲೇ ಬ್ಲಾಟಿಂಗ್ ಕಾಗದದ ಹಾಗೆ ಹೀರುತ್ತದೆ, ಅಲ್ಲಲ್ಲಿ ಕಲೆ ಏಳುತ್ತದೆ. 300 ಜಿಎಸ್‌ಎಂ ಹತ್ತಿಯ ಕಾಗದಕ್ಕೆ ಸಾಲ ಮಾಡಿ ದುಡ್ಡು ಹಾಕಿ ಹೀಗಾದರೆ ಅಳು ಬರುತ್ತದೆ. ಬೇಸಗೆ ಮುಗಿಯುವ ಮೊದಲೇ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಡು, ಜೊತೆಗೆ ಸಿಲಿಕಾ ಜೆಲ್ ಇಡು. ಅದು ತೇವ ಕುಡಿದ ಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡಬೇಡ, ಹೊಗೆಗೆ ಹಳದಿಯಾಗುತ್ತದೆ. ಚಿತ್ರಕ್ಕೆ ಚೌಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದ ಹಾಗೆ ಮೌಂಟ್ ಹಾಕಿಸು. ಕೆಂಪುಕಲ್ಲಿನ ಗೋಡೆಗೆ ತೂಗುಹಾಕುವಾಗ ಚೌಕಟ್ಟಿನ ಹಿಂದೆ ಮೂಲೆಗಳಿಗೆ ಬಿರಡೆಯ ಚೂರು ಅಂಟಿಸು, ಗಾಳಿ ಆಡಲಿ. ತೈಲವರ್ಣ ಮಳೆಗಾಲದಲ್ಲಿ ಒಣಗಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಒಂದರ ಮೇಲೊಂದು ಪದರ ಹಾಕುವ ಆತುರ ಬೇಡ. ಜಲವರ್ಣಕ್ಕೆ ಮಾತ್ರ ಆ ತೇವ ವರ. ಒದ್ದೆಯ ಮೇಲೆ ಒದ್ದೆ ಇಟ್ಟ ಬಣ್ಣ ನಿಧಾನವಾಗಿ ಹರಡುತ್ತಾ ಘಾಟಿಯ ಮಂಜನ್ನು ತಾನೇ ಬರೆದುಕೊಳ್ಳುತ್ತದೆ. ಅಗ್ಗದ ಬಣ್ಣದ ವಿಷಯದಲ್ಲೂ ಎಚ್ಚರ ಇರಲಿ. ಕೆಲವು ಕೆಂಪು, ನೇರಳೆಗಳು ಬಿಸಿಲಿಗೆ ಕೆಲವೇ ವರ್ಷದಲ್ಲಿ ಮಾಸುತ್ತವೆ. ಒಂದು ಪಟ್ಟಿಗೆ ಬಣ್ಣ ಬಳಿದು ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿಡು, ಮುಂದಿನ ವರ್ಷ ತೆಗೆದು ನೋಡು. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲಿ ನಿನ್ನ ಚಿತ್ರ ಮಾಸಬಾರದು.

2019ರ ಆಗಸ್ಟ್ ನಿನಗೆ ನೆನಪಿರಬಹುದು. ಚಾರ್ಮಾಡಿಯ ಗುಡ್ಡಗಳು ಜರಿದು, ಮೃತ್ಯುಂಜಯ ಹೊಳೆ ತೋಟಗಳ ಮೇಲೆ ಮರಳು, ಮರದ ದಿಮ್ಮಿ ತಂದು ಸುರಿದು ಹೋಯಿತು. ಹಸಿರು ಗುಡ್ಡದ ಮೇಲೆ ಉದ್ದಕ್ಕೆ ಕೆಂಪು ಗೆರೆಗಳು. ಆ ದಿನಗಳಲ್ಲಿ ನಾವೆಲ್ಲ ಹಾರೆ, ಬುಟ್ಟಿ ಹಿಡಿದೆವು, ಕುಂಚ ಹಿಡಿಯಲಿಲ್ಲ. ಹಾಗೆಯೇ ಆಗಬೇಕು. ಚಿತ್ರಕಾರ ಊರಿನವನು ಮೊದಲು. ಆಮೇಲೆ, ಮನೆಗಳಿಗೆ ಜನ ವಾಪಸು ಬಂದ ಮೇಲೆ, ನಾನು ಆ ಗೆರೆಗಳನ್ನು ಬರೆದೆ. ಅದನ್ನು ನೋಡಿದ ಒಬ್ಬ ರೈತರು ಬೆರಳಿಟ್ಟು "ನಮ್ಮ ತೋಟ ಇಲ್ಲಿತ್ತು" ಅಂದರು. ಈಗ ಆ ಗೆರೆಗಳಲ್ಲಿ ಹುಲ್ಲು, ಗಿಡ ಬಂದಿವೆ. ಊರಿಗೆ ಆದದ್ದನ್ನು ಇಟ್ಟುಕೊಳ್ಳುವವರು ಯಾರಾದರೂ ಬೇಕಲ್ಲ? ನಮ್ಮ ಕೆಲಸದಲ್ಲಿ ಅದೂ ಒಂದು.

ನೀನು ಹೆಣ್ಣುಮಗಳಾದ್ದರಿಂದ ಒಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನನ್ನ ಬೆಳಗನ್ನು ನಾನು ಕಾಪಾಡಿಕೊಂಡೆ ಅಂದೆನಲ್ಲ, ಆ ಬೆಳಗಿನಲ್ಲಿ ಒಲೆ ಹಚ್ಚಿ, ನೀರು ಕಾಯಿಸಿ, ಮಕ್ಕಳನ್ನು ಶಾಲೆಗೆ ಕಳಿಸಿದವರು ನನ್ನ ಮನೆಯವರು. ನಿನಗೆ ಹಾಗೆ ಯಾರೂ ತಾವಾಗಿ ಬೆಳಗನ್ನು ಬಿಟ್ಟುಕೊಡುವುದಿಲ್ಲ. ನಮ್ಮಲ್ಲಿ ಹೆಂಗಸರ ಬೆಳಗು ಅಡುಗೆಮನೆಯದು ಅಂತ ಎಲ್ಲರೂ ಒಪ್ಪಿಕೊಂಡು ಕೂತಿದ್ದಾರೆ. ನೀನು ಕೇಳಿ ತೆಗೆದುಕೊಳ್ಳಬೇಕು, ಮದುವೆಯ ಮಾತು ಬಂದಾಗ ಮೊದಲೇ ಹೇಳಬೇಕು. ಕೆಲಸಕ್ಕೆ ಹೋಗುವ ಹುಡುಗಿಗೆ ಎಂಟೂವರೆಯ ಬಸ್ಸು ಅಂತ ಎಲ್ಲರೂ ದಾರಿ ಬಿಡುತ್ತಾರೆ. ಮನೆಯಲ್ಲಿಯೇ ಕೂತು ಚಿತ್ರ ಬರೆಯುವವಳನ್ನು "ಹೇಗೂ ಮನೆಯಲ್ಲೇ ಇದ್ದೀಯಲ್ಲ" ಅಂತ ಕರೆಯುತ್ತಾರೆ. ಆ ಕರೆಗೆ ಎದ್ದು ಹೋಗಬೇಡ. ಸಾಧ್ಯವಾದರೆ ಮನೆಯಿಂದ ಬೇರೆಯಾಗಿ ಒಂದು ಜಾಗ ಮಾಡಿಕೋ, ಹಳೆಯ ಕೊಟ್ಟಿಗೆಯಾದರೂ ಸರಿ, ಉತ್ತರಕ್ಕೆ ಒಂದು ಕಿಟಕಿ ಇದ್ದರೆ ಸಾಕು. ಹೊರಗೆ ಹೋಗಿ ಬರೆಯುವಾಗ ಒಬ್ಬಳೇ ಹೋಗದೆ ಇಬ್ಬರು ಗೆಳತಿಯರನ್ನು ಕರೆದುಕೊಂಡು ಹೋಗು, ಹೆದರಿಕೆಯಿಂದಲ್ಲ, ಹೊಳೆ ಬದಿಯಲ್ಲಿ ಮೂರು ಗಂಟೆ ಒಂದೇ ಕಡೆ ಕೂತವಳನ್ನು ಬಂದವರೆಲ್ಲ ಪ್ರಶ್ನೆ ಕೇಳಿ ಕೆಲಸ ಕೆಡಿಸುತ್ತಾರೆ. ಪಜಿರಡ್ಕದಲ್ಲಿ ನೇತ್ರಾವತಿ, ಮೃತ್ಯುಂಜಯ ಸೇರುವ ಜಾಗ ಒಳ್ಳೆಯದು. ಎರಡು ನೀರಿನ ಬಣ್ಣ ಬೇರೆ ಬೇರೆಯಾಗಿ ಕಾಣುವ ದಿನ ನೋಡಿ ಹೋಗಿ.

ಕಲಿಯಲು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀಯ. ಮಂಗಳೂರಿನಲ್ಲಿ ಮಹಾಲಸಾ ಕಲಾಶಾಲೆ ಇದೆ, ಮನೆಗೆ ಹತ್ತಿರ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಸರಕಾರದ್ದು, ಶುಲ್ಕದ ಭಾರ ಕಡಿಮೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ, ಆರ್.ಎಂ. ಹಡಪದ ಅವರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯೂ ಇದೆ. ಹಡಪದರು ತಮ್ಮ ಚಿತ್ರಕ್ಕೆ ಕೊಡಬೇಕಾದ ಎಷ್ಟೋ ವರ್ಷಗಳನ್ನು ಶಿಷ್ಯರಿಗೆ ಕೊಟ್ಟವರು. ಪಿಯುಸಿ ಆದ ಮೇಲೆ ದೃಶ್ಯಕಲಾ ಪದವಿಗೆ ನಾಲ್ಕು ವರ್ಷ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಮೈಸೂರು. ಅಲ್ಲಿ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳಿವೆ, ಬೇಕಾದಾಗ ಹೋಗಿ ನೋಡಬಹುದು. ಅಚ್ಚಿನಲ್ಲಿ ಕಂಡ ರೇಷ್ಮೆಯ ಹೊಳಪು ಕುಂಚದ ಯಾವ ಹೊಡೆತದಿಂದ ಬಂದದ್ದು ಅಂತ ಮೂಲದಲ್ಲಿ ಮಾತ್ರ ಕಾಣುತ್ತದೆ.

ಪ್ರವೇಶದ ಸಂದರ್ಶನಕ್ಕೆ ಹೋಗುವಾಗ ಚೌಕಟ್ಟು ಹಾಕಿಸಿದ ಬಹುಮಾನದ ಚಿತ್ರಗಳನ್ನು ಹೊತ್ತುಕೊಂಡು ಹೋಗಬೇಡ. ಮನುಷ್ಯರ ಕೈ, ಕಾಲು, ಕೂತ ಭಂಗಿ, ನಮ್ಮ ಪೇಟೆಯ ಮೀನಿನ ಗಿರಾಕಿಗಳು, ಬಸ್ಸಿಗೆ ಕಾಯುವವರು, ಹೀಗೆ ಬೇಗ ಬೇಗ ಗೀಚಿದ ಸ್ಕೆಚ್ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಹೋಗು. ಕೆಟ್ಟುಹೋದ ಪುಟಗಳನ್ನು ಹರಿಯಬೇಡ. ಒಂದೇ ಕೈಯನ್ನು ಹತ್ತು ಸಲ ತಪ್ಪಾಗಿ ಬಿಡಿಸಿ ಹನ್ನೊಂದನೆಯ ಸಲಕ್ಕೆ ಹತ್ತಿರ ಬಂದದ್ದು ಯಾವ ಪುಟದಲ್ಲಿದೆ ಅಂತ ಒಳ್ಳೆಯ ಮೇಷ್ಟ್ರು ಹುಡುಕಿ ನೋಡುತ್ತಾರೆ. ಅರ್ಜಿ ಬಿಟ್ಟ ಕೂಡಲೇ ಹಾಕು. ಅಂಕಪಟ್ಟಿ, ಡ್ರಾಯಿಂಗ್ ಪರೀಕ್ಷೆಯ ಪ್ರಮಾಣಪತ್ರ, ಜಾತಿ-ಆದಾಯದ ಪತ್ರಗಳ ನಕಲನ್ನು ಈಗಲೇ ಮಾಡಿಸಿ ಒಂದು ಕವರಿನಲ್ಲಿಡು. ನಾಡಕಚೇರಿಯಲ್ಲಿ ಆ ದಿನಗಳಲ್ಲಿ ಸರ್ವರ್ ಕೆಲಸ ಮಾಡುವುದಿಲ್ಲ, ಕೊನೆಯ ವಾರಕ್ಕೆ ಬಿಡಬೇಡ.